ತೂಕಕ್ಕೆ ಕೂತವರು

ಗಂಡನನ್ನು ಮಗ್ಗುಲು ಬದಲಿಸಿ ಮಲಗಿಸಲು ಇಬ್ಬರು ಬೇಕಾಗುತ್ತಿತ್ತು. ಅತ್ತೆ ಕಾಲು ಹಿಡಿಯುತ್ತಿದ್ದಳು, ಹುರಿಯಕ್ಕ ಹೆಗಲು. "ಹೂಂ, ಈಗ" ಎಂದು ಇಬ್ಬರೂ ಒಟ್ಟಿಗೆ ಎಳೆದರೆ ಅವನು ಹಲ್ಲು ಕಚ್ಚಿಕೊಂಡು ಹೊರಳುತ್ತಿದ್ದ. ಬೆನ್ನಿನ ಬುಡದಲ್ಲಿ ಅಂಗೈಯಗಲದ ಹುಣ್ಣಾಗಿತ್ತು. ಅದನ್ನು ಬಿಸಿನೀರಿನಲ್ಲಿ ಒರೆಸಿ, ಪುಡಿ ಉದುರಿಸಿ, ಬಟ್ಟೆಯ ಮೆತ್ತೆ ಇಟ್ಟು ಮುಗಿಸುವಷ್ಟರಲ್ಲಿ ಹುರಿಯಕ್ಕನ ಸೊಂಟವೂ ಹಿಡಿದುಕೊಳ್ಳುತ್ತಿತ್ತು. ಇದ್ದದ್ದು ಒಂದೇ ಕೋಣೆ. ತಗಡಿನ ಮಾಡು. ಬಾಗಿಲು ತೆರೆದರೆ ಬೆಳಕು, ಮುಚ್ಚಿದರೆ ಕುಲುಮೆ.

"ನನ್ನ ತೂಕ ಇಳಿದಿದೆ, ಅಲ್ವೇನೇ?" ಎಂದು ಅವನು ಒಂದು ದಿನ ನಕ್ಕ. "ಈಗ ಕುರ್ಚಿಗೆ ಇನ್ನೂ ಚೆನ್ನಾಗಿ ಹೊಂದ್ತೀನಿ."

"ಬಾಯಿ ಮುಚ್ಚು" ಎಂದಳು ಅವಳು.

ಬಂದರಿನ ಜೆಟ್ಟಿಯ ಜನ ಅವನನ್ನು ಕಡ್ಡಿ ಎಂದು ಕರೆಯುತ್ತಿದ್ದರು. ಆಳು ಅಷ್ಟು ಸಪೂರ. ಅವಳು ಹಗ್ಗದ ಕೊಟ್ಟಿಗೆಯಲ್ಲಿ ಹರಿದ ಹಗ್ಗಗಳ ಎಳೆ ಬಿಚ್ಚಿ ಮತ್ತೆ ಹೊಸೆಯುವವಳು, ಅದಕ್ಕೇ ಹುರಿಯಕ್ಕ. ವಯಸ್ಸಿನಲ್ಲಿ ಅವಳಿಗಿಂತ ದೊಡ್ಡವರೂ ಅಕ್ಕ ಎಂದೇ ಕೂಗುತ್ತಿದ್ದರು.

ಅವನನ್ನು ಹಾಸಿಗೆಗೆ ಹಾಕಿದ ಆ ಯಂತ್ರ ಬಂದದ್ದು ಎರಡು ಲಾರಿಗಳ ಹಿಂದೆ, ಚಕ್ರದ ಬಂಡಿಗಳ ಮೇಲೆ. ಬಿಚ್ಚಿ ನಿಲ್ಲಿಸಿದರೆ ಎರಡು ಕಬ್ಬಿಣದ ಗೋಪುರ. ಒಂದು ಈ ಜೆಟ್ಟಿಯ ಅಂಚಿಗೆ, ಇನ್ನೊಂದು ಎದುರಿನ ಜೆಟ್ಟಿಯ ಅಂಚಿಗೆ. ನಡುವೆ ನೀರು. ನಡುಸಮುದ್ರದಲ್ಲಿ ಹಡಗಿಗೆ ಎಣ್ಣೆ ಮುಗಿದರೆ, ಆಹಾರ ಮುಗಿದರೆ, ಅದು ದಡಕ್ಕೆ ಬರುವಂತಿಲ್ಲ. ಇನ್ನೊಂದು ಹಡಗು ಪಕ್ಕಕ್ಕೆ ಬಂದು ಜೊತೆಜೊತೆಗೇ ಓಡುತ್ತದೆ. ಎರಡರ ನಡುವೆ ಹಗ್ಗ ಬಿಗಿದು ಸಾಮಾನು ದಾಟಿಸುತ್ತಾರೆ. ಕಾಯಿಲೆಯವರನ್ನೋ ವೈದ್ಯರನ್ನೋ ಕಳಿಸಬೇಕಾದರೆ ಹಗ್ಗಕ್ಕೆ ಒಂದು ಕುರ್ಚಿ ತೂಗುಹಾಕುತ್ತಾರೆ. ಅದನ್ನು ಎಳೆಯುವುದು ಕೈಯಿಂದಲೇ, ಹತ್ತಾರು ಜನ ಸಾಲಾಗಿ ನಿಂತು. ಇದನ್ನೆಲ್ಲ ಸಮುದ್ರಕ್ಕೆ ಹೋಗುವ ಮೊದಲು ದಡದಲ್ಲೇ ಪರೀಕ್ಷಿಸಿ ಹೊಸ ನಾವಿಕರಿಗೆ ಕಲಿಸಲೆಂದು ಆ ಗೋಪುರಗಳು.

ಕುರ್ಚಿಯಲ್ಲಿ ಮೊದಲು ಮರಳಿನ ಮೂಟೆ ಕೂರಬೇಕು. ಅದು ನಿಯಮ. ಮನುಷ್ಯನಷ್ಟೇ ತೂಗುವ ಮೂಟೆ ಹತ್ತಾರು ಸಲ ಸುರಕ್ಷಿತವಾಗಿ ದಾಟಿದ ಮೇಲೆ ಮನುಷ್ಯರ ಸರದಿ. ಆದರೆ ಮೂಟೆಯನ್ನು ಹೊತ್ತು ತರಬೇಕು, ಎತ್ತಿ ಕೂರಿಸಬೇಕು, ಆಚೆ ಬದಿಯಲ್ಲಿ ಇಳಿಸಬೇಕು, ಮತ್ತೆ ಹೊತ್ತು ತರಬೇಕು. ಕಡ್ಡಿಯಾದರೆ ತಾನೇ ಹತ್ತುತ್ತಿದ್ದ, ತಾನೇ ಇಳಿಯುತ್ತಿದ್ದ, ತಾನೇ ನಡೆದು ಬರುತ್ತಿದ್ದ. ಯಂತ್ರದ ಗುತ್ತಿಗೆದಾರನಿಗೆ ಇದು ಮೊದಲ ದಿನವೇ ಹೊಳೆಯಿತು.

"ನೀನು ಕಾಲಿರೋ ಮೂಟೆ ಕಣಯ್ಯ" ಎಂದು ಬೆನ್ನು ತಟ್ಟಿದ್ದ. ಎಲ್ಲರೂ ನಕ್ಕಿದ್ದರು. ಕಡ್ಡಿಯೂ ನಕ್ಕಿದ್ದ.

ಕಡ್ಡಿ ಕುರ್ಚಿಯಿಂದ ಬಿದ್ದ ದಿನ ಬೆಳಗ್ಗೆಯೇ ಮೇಸ್ತ್ರಿ ಹೇಳಿದ್ದ. ಹಗ್ಗ ಎಳೆಯುವ ಆಳುಗಳಿಗೆಲ್ಲ ಹಿರಿಯ ಅವನು. "ದೊಡ್ಡ ಹಗ್ಗ ಬಿಗಿಹಿಡಿಯೋ ಬ್ರೇಕು ಜಾರ್ತಾ ಇದೆ ಸಾರ್. ಇವತ್ತು ಬೇಡ."

"ಸಂಜೆಯೊಳಗೆ ಮುಗೀಬೇಕು. ಎಳೀರಿ" ಎಂದ ಗುತ್ತಿಗೆದಾರ.

ಎಳೆದರು. ಕುರ್ಚಿ ಎದುರಿನ ಜೆಟ್ಟಿಯ ಹತ್ತಿರ ಹೋದಾಗ ಬ್ರೇಕು ಜಾರಿತು. ಬಿಗಿಯಾಗಿದ್ದ ಹಗ್ಗ ಸತ್ತ ಹಾವಿನಂತೆ ಜೋತುಬಿತ್ತು. ಕಡ್ಡಿ ನೀರಿಗೆ ಬಿದ್ದಿದ್ದರೆ ಈಜಿ ಬರುತ್ತಿದ್ದನೇನೋ. ಬಿದ್ದದ್ದು ಜೆಟ್ಟಿಯ ಕಲ್ಲಿನ ಅಂಚಿನ ಮೇಲೆ.

ಆಸ್ಪತ್ರೆಯಲ್ಲಿ ಡಾಕ್ಟರು ಹೇಗೆ ಬಿದ್ದ ಎಂದು ಕೇಳಿದರು. ಹುರಿಯಕ್ಕ ಬಾಯಿ ತೆರೆಯುವ ಮೊದಲೇ ಗುತ್ತಿಗೆದಾರ, "ಮನೇಲಿ ಮೆಟ್ಟಿಲಿಂದ ಜಾರಿದ್ದು" ಎಂದ. ಮೇಸ್ತ್ರಿಯ ಕಡೆ ನೋಡಿದ. ಮೇಸ್ತ್ರಿ ತಲೆ ತಗ್ಗಿಸಿ, "ಹೌದು" ಎಂದ.

"ನಮ್ಮನೇಲಿ ಮೆಟ್ಟಿಲೇ ಇಲ್ಲ!" ಎಂದು ಅವಳು ಕೂಗಿದಳು. ಡಾಕ್ಟರು ಆಗಲೇ ಪಕ್ಕದ ಮಂಚಕ್ಕೆ ಹೋಗಿಯಾಗಿತ್ತು.

ಮಾರನೆಯ ದಿನ ಜೆಟ್ಟಿಯಲ್ಲಿ ಸುದ್ದಿ ಹಬ್ಬಿತು: ನಿನ್ನೆ ಬಿದ್ದದ್ದು ತೂಕದ ಮೂಟೆ. ಕುರ್ಚಿಯಲ್ಲಿ ಮನುಷ್ಯ ಇರಲೇ ಇಲ್ಲ. ಕಲ್ಲಿನ ಮೇಲಿನ ರಕ್ತವನ್ನು ಯಾರೋ ತೊಳೆದಿದ್ದರು. ಯಂತ್ರಕ್ಕೆ ಹೊಸ ಬ್ರೇಕು ಬಂತು.

ಹೀಗೆ ಕೆಲವು ತಿಂಗಳು ಕಳೆದ ಮೇಲೆ ಗುತ್ತಿಗೆದಾರನೇ ಮನೆಗೆ ಬಂದ. ಕೈಯಲ್ಲಿ ಹಣ್ಣಿನ ಚೀಲ. ಕೂರಲು ಇದ್ದ ಒಂದೇ ಸ್ಟೂಲಿನ ಮೇಲೆ ಕೂತ. ಮಂಚದ ಕಡೆ ನೋಡದೆ ಮಾತಾಡಿದ.

"ತಪಾಸಣೆಗೆ ದೊಡ್ಡ ಅಧಿಕಾರಿ ಬರ್ತಿದ್ದಾರೆ. ಅವರು ಒಪ್ಪಿದ್ರೆ ಈ ಯಂತ್ರ ಪಾಸ್. ಮನುಷ್ಯರು ಕೂತು ದಾಟೋದನ್ನ ಅವರು ನೋಡಬೇಕಂತೆ. ಮೂಟೆ ಪರೀಕ್ಷೆ ಎಲ್ಲಾ ಮುಗಿದಿದೆ ಅಂತ ನಾವು ಹೇಳಿದ್ದೀವಿ. ನಮ್ಮ ಆಳುಗಳು ಯಾರೂ ಹತ್ತೋಕೆ ಒಪ್ತಿಲ್ಲ. ನೀನು ಹಗುರ ಇದ್ದೀಯ, ಧೈರ್ಯವಂತೆ. ಒಂದು ಸಲ ಆಚೆ ಹೋಗಿ ಬಂದುಬಿಡು. ನಿನ್ನ ಮನೇನ ನಾನು ನೋಡ್ಕೋತೀನಿ."

ಅತ್ತೆ ಒಲೆಯ ಮುಂದಿನಿಂದ ಎದ್ದಳು. "ಮಗನ ಸೊಂಟ ನುಂಗಿ ನೀರು ಕುಡಿದದ್ದು ಸಾಲದೆ, ಸೊಸೇನೂ ಕೇಳೋಕೆ ಬಂದ್ಯಾ? ನಾಚಿಕೆ ಅನ್ನೋದನ್ನ ಯಾವ ಅಂಗಡಿಯಲ್ಲಿ ಮಾರಿ ಬಂದೆ? ನಿನ್ನ ಹೆಂಡ್ತೀನ ಕೂರಿಸು ಹೋಗು!"

"ನೋಡ್ಕೋತೀನಿ ಅಂದ್ನಲ್ಲಮ್ಮ—"

"ನೋಡು. ಅಗೋ, ಅಲ್ಲಿ ಮಲಗಿದ್ದಾನೆ. ಬಂದಾಗಿನಿಂದ ಒಂದು ಸಲ ನೋಡಿದ್ಯಾ?"

ಗುತ್ತಿಗೆದಾರ ಎದ್ದು ಬಾಗಿಲಿಗೆ ಹೋದ. ಆಗ ಹುರಿಯಕ್ಕ ಹೇಳಿದಳು: "ಬರ್ತೀನಿ."

 ಕಡ್ಡಿ ಗೋಡೆಯ ಕಡೆ ಮುಖ ತಿರುಗಿಸಿದ. ಗುತ್ತಿಗೆದಾರ ಹೋದ ಮೇಲೆ ಅವಳು ಅವನ ಪಕ್ಕ ಕೂತು ಕಿವಿಯ ಹತ್ತಿರ ಏನೋ ಹೇಳಿದಳು. ಅವನು ಗೋಡೆಯಿಂದ ಮುಖ ಈಚೆ ತಿರುಗಿಸಿದ. ಆಮೇಲೆ, "ಕುರ್ಚಿಯ ಬೆಲ್ಟು ಎರಡು ಸಲ ಎಳೆದು ನೋಡಿಕೋ" ಎಂದ.

ಮರುದಿನ ಮಧ್ಯಾಹ್ನ ಆಳುಗಳು ಹಗ್ಗದ ಕೊಟ್ಟಿಗೆಯ ನೆರಳಿನಲ್ಲಿ ಊಟಕ್ಕೆ ಕೂತಿದ್ದಾಗ ಅವಳು ಅವರ ಮುಂದೆ ಹೋಗಿ ನಿಂತಳು.

"ನಾನು ಕೂರ್ತೀನಿ. ನೀವು ಎಳೀರಿ. ನೀರಿನ ಮಧ್ಯಕ್ಕೆ ಬಂದಾಗ ನಿಲ್ಲಿಸಿಬಿಡಿ. ಅಷ್ಟೇ ನಾನು ಕೇಳೋದು."

ಬಾಯಿಗಿಟ್ಟ ತುತ್ತು ಅಲ್ಲಲ್ಲೇ ನಿಂತಿತು.

"ನಿಲ್ಲಿಸಿದ್ರೆ?" ಎಂದ ಒಬ್ಬ.

"ನಾನು ಮಾತಾಡ್ತೀನಿ. ಕೆಳಗೆ ನಿಂತು ಮಾತಾಡಿದ್ರೆ ಗೇಟಿನಾಚೆ ತಳ್ತಾರೆ. ಅಲ್ಲಿಂದ ನನ್ನನ್ನ ಯಾರು ತಳ್ತಾರೆ?"

"ಬ್ರೇಕು ಜಾರಿದ್ರೋ ಅಕ್ಕ?"

"ಹೊಸ ಬ್ರೇಕು. ನನ್ನ ಗಂಡನ ಬೆನ್ನುಮೂಳೆ ಕೊಟ್ಟು ತಂದದ್ದು. ಅದನ್ನ ನಾವೂ ಒಂದು ಸಲ ಬಳಸೋಣ."

ಯಾರೋ ಸಣ್ಣಗೆ ನಕ್ಕರು. ಇನ್ನೊಬ್ಬ ನಗಲಿಲ್ಲ. "ನಮ್ಮ ಅನ್ನಕ್ಕೆ ಕಲ್ಲು ಬೀಳುತ್ತೆ. ನಂಗೆ ನಾಲ್ಕು ಮಕ್ಕಳು."

"ಬೀಳುತ್ತೆ" ಎಂದಳು ಅವಳು. "ಸುಳ್ಳು ಹೇಳಲ್ಲ. ಮೂಟೆ ಅಂತ ಅನ್ನಿಸಿಕೊಂಡೇ ಉಣ್ತೀವಿ ಅಂದ್ರೆ ಉಣ್ಣಿ. ನಾಳೆ ಆ ಕುರ್ಚಿಯಲ್ಲಿ ನಿಮ್ಮಲ್ಲೇ ಒಬ್ಬರು."

ಮೇಸ್ತ್ರಿ ತಟ್ಟೆಯನ್ನು ಹಾಗೆಯೇ ಬಿಟ್ಟು ಎದ್ದುಹೋದ. ಅವನು ಹೋಗಿ ಗುತ್ತಿಗೆದಾರನಿಗೆ ಎಲ್ಲ ಹೇಳಿಬಿಡುತ್ತಾನೆ ಎಂದೇ ಅವಳು ಅಂದುಕೊಂಡಳು.

ತಪಾಸಣೆಯ ದಿನ ಜೆಟ್ಟಿ ತೊಳೆದು ಫಳಫಳ ಎನ್ನುತ್ತಿತ್ತು. ಬಿಳಿ ಬಟ್ಟೆಯ ಹೊಸ ನಾವಿಕರು ಸಾಲಾಗಿ ನಿಂತಿದ್ದರು. ಅಧಿಕಾರಿ ನೆರಳಿನ ಕುರ್ಚಿಯಲ್ಲಿ ಕೂತು ಹಣೆ ಒರೆಸಿಕೊಳ್ಳುತ್ತಿದ್ದ. ಗುತ್ತಿಗೆದಾರ ಅವನ ಹಿಂದೆ ಬಾಗಿ ನಿಂತಿದ್ದ. ಹುರಿಯಕ್ಕ ಕುರ್ಚಿ ಹತ್ತಿದಳು. ಬೆಲ್ಟು ಬಿಗಿದು ಎರಡು ಸಲ ಎಳೆದು ನೋಡಿಕೊಂಡಳು. ಮೇಸ್ತ್ರಿ ಕೈ ಎತ್ತಿ ಸನ್ನೆ ಮಾಡಿದ. ಆಳುಗಳು ಹಗ್ಗ ಎಳೆದರು.

ಕಾಲಿನ ಕೆಳಗಿನಿಂದ ನೆಲ ಸರಿಯಿತು. ಹಸಿರು ನೀರು ಕಂಡಿತು.  ಎದುರಿನ ಜೆಟ್ಟಿಯ ಕಲ್ಲಿನ ಅಂಚು ಹತ್ತಿರ ಬರುತ್ತಿತ್ತು. ಕಡ್ಡಿಯೂ ಇದನ್ನೇ ನೋಡುತ್ತ ಹೋಗಿದ್ದ ಎಂದು ಅವಳಿಗೆ ಹೊಳೆಯಿತು. ಕಣ್ಣು ಮುಚ್ಚಿಕೊಂಡಳು. ಎಳೆಯುವವರು ನಿಲ್ಲಿಸುವುದಿಲ್ಲ, ಹೆದರಿಬಿಟ್ಟರು ಎಂದುಕೊಂಡಳು.

ಕುರ್ಚಿ ನಿಂತಿತು.

ಕಣ್ಣು ತೆರೆದಳು. ನಟ್ಟನಡು ನೀರು. ಈಚೆ ದಡದಲ್ಲಿ ಆಳುಗಳು ಹಗ್ಗ ಹಿಡಿದು ಕಲ್ಲಿನ ಹಾಗೆ ನಿಂತಿದ್ದರು.

"ಏನಾಯ್ತು? ಎಳೀರೋ!" ಗುತ್ತಿಗೆದಾರ ಓಡಿಬಂದ.

"ಮೂಟೆ ಮಾತಾಡ್ತಿದೆ, ಕೇಳಿಸ್ಕೊಳ್ಳಿ!" ಎಂದು ಹುರಿಯಕ್ಕ ಕೂಗಿದಳು. ನೀರಿನ ಮೇಲೆ ದನಿ ಎರಡೂ ದಡಕ್ಕೆ ಮುಟ್ಟಿತು. "ಸಾಹೇಬ್ರೇ, ಈ ಕುರ್ಚಿಯಿಂದ ಬಿದ್ದದ್ದು ಮರಳಲ್ಲ. ನನ್ನ ಗಂಡ. ಅಗೋ ಆ ಕಲ್ಲಿನ ಮೇಲೆ ಬಿದ್ದ. ಮರಳಿನ ಮೂಟೆ ಬಿದ್ರೆ ಮರಳು ಚೆಲ್ಲುತ್ತೆ. ಇಲ್ಲಿ ಚೆಲ್ಲಿದ್ದನ್ನ ಇವರು ನೀರು ಹಾಕಿ ತೊಳೆದ್ರು. ಮನೆ ಮೆಟ್ಟಿಲಿಂದ ಬಿದ್ದ ಅಂದ್ರು. ಈಗ ಅದೇ ಜಾಗಕ್ಕೆ ನನ್ನನ್ನ ಕೂರಿಸಿದ್ದಾರೆ. ಬಿದ್ದವನು ಮನುಷ್ಯ ಅಂತ ಇವರ ಬಾಯಲ್ಲಿ ಬರೋವರೆಗೆ ನಾನು ಇಳಿಯಲ್ಲ!"

"ತಲೆ ಕೆಟ್ಟಿದೆ ಸಾರ್ ಅವಳಿಗೆ. ಗಂಡ ಹಾಸಿಗೆ ಹಿಡಿದ ಮೇಲೆ..." ಗುತ್ತಿಗೆದಾರ ನಾವಿಕರ ಕಡೆ ತಿರುಗಿದ. "ನೀವು ಬಂದು ಎಳೀರಪ್ಪ!"

ಅಧಿಕಾರಿ ಎದ್ದು ನಿಂತಿದ್ದ. "ಇದು ನನ್ನ ವ್ಯಾಪ್ತಿಗೆ ಬರಲ್ಲ. ಮೊದಲು ಆಯಮ್ಮನ್ನ ಇಳಿಸಿ. ಉಳಿದದ್ದು ನಿಮ್ಮ ನಿಮ್ಮಲ್ಲಿ ಮಾತಾಡ್ಕೊಳ್ಳಿ."

ನಾವಿಕರ ಸಾಲು ಅಲುಗಾಡಲಿಲ್ಲ. ಅದರೊಳಗಿಂದ ಒಬ್ಬ ಯುವತಿ ಕೇಳಿದಳು: "ಸಾರ್, ಮುಂದಿನ ವಾರ ನಾವೂ ಅದರಲ್ಲೇ ಕೂರಬೇಕಲ್ವಾ? ಯಾರು ಬಿದ್ದದ್ದು ಅಂತ ನಮಗೂ ಗೊತ್ತಾಗಬೇಕು."

ಅಧಿಕಾರಿಗೆ ಇನ್ನು ಕೇಳದೆ ದಾರಿಯಿರಲಿಲ್ಲ. "ಯಾರಯ್ಯಾ ಬಿದ್ದದ್ದು?"

"ಮೂಟೆ ಸಾರ್" ಎಂದ ಗುತ್ತಿಗೆದಾರ. "ಬೇಕಾದ್ರೆ ಮೇಸ್ತ್ರೀನ ಕೇಳಿ. ಅವನೇ ಸಾಕ್ಷಿ."

ಮೇಸ್ತ್ರಿ ಹಗ್ಗದ ಸಾಲಿನ ಮುಂದೆ ನಿಂತಿದ್ದ.  ಕೈಯೆರಡನ್ನೂ ಮುಂದೆ ಚಾಚಿದ. "ಮನುಷ್ಯ ಸಾರ್. ಈ ಕೈಯಲ್ಲೇ ಎತ್ತಿದೆ. ಎತ್ತುವಾಗ ಕೂಗಿಕೊಂಡ. ಮೂಟೆ ಕೂಗುತ್ತಾ ಸಾರ್? ಬ್ರೇಕು ಜಾರ್ತಿದೆ ಅಂತ ಬೆಳಗ್ಗೆನೇ ಇವರಿಗೆ ಹೇಳಿದ್ದೆ."

"ಹೌದು, ಹೇಳಿದ್ರು!" ಹಿಂದಿನಿಂದ ಒಂದು ದನಿ. "ನಾನೂ ಕೇಳಿದ್ದೆ." "ನಾನೂ." ಮಕ್ಕಳ ಲೆಕ್ಕ ಹೇಳಿದ್ದವನ ದನಿಯೇ ಎಲ್ಲಕ್ಕಿಂತ ಜೋರಾಗಿತ್ತು.

ತಪಾಸಣೆ ಅಲ್ಲಿಗೇ ನಿಂತಿತು. ಯಂತ್ರಕ್ಕೆ ಒಪ್ಪಿಗೆ ಸಿಗಲಿಲ್ಲ. ಆಳುಗಳು ಹುರಿಯಕ್ಕನನ್ನು ಮೊಟ್ಟೆ ತಂದಂತೆ ಮೆತ್ತಗೆ ಎಳೆದು ದಡ ಮುಟ್ಟಿಸಿದರು. ಇಳಿಯುವಾಗ ಅವಳು ಮೇಸ್ತ್ರಿಯ ತೋಳು ಹಿಡಿದಳು. ಆಸ್ಪತ್ರೆಯ ದಿನದಿಂದ ಅವನನ್ನು ಮುಟ್ಟುವುದಿರಲಿ, ಮುಖ ಕೊಟ್ಟೂ ಮಾತಾಡಿರಲಿಲ್ಲ.

ಗುತ್ತಿಗೆದಾರ ಹತ್ತಿರ ಬಂದು ಹಲ್ಲು ಕಡಿದ. "ಗೆದ್ದೆ ಅಂದ್ಕೋಬೇಡ. ಇದಕ್ಕೆ ಚಕ್ರ ಇದೆ. ನಾಳೆ ಮಡಚಿ ಇನ್ನೊಂದು ಬಂದರಿಗೆ ಹೋಗ್ತೀನಿ. ಹಸಿದವರು ಇಲ್ಲಿ ಮಾತ್ರ ಇರೋದಾ?"

ಹೇಳಿದಂತೆ ಮಾಡಿದ. ಲಾರಿಗಳು ಬಂದವು. ಗೋಪುರಗಳು ಮಡಚಿಕೊಂಡು ಬಂಡಿಯ ಮೇಲೆ ಮಲಗಿದವು. ಜೆಟ್ಟಿಯಲ್ಲಿ ಗೋಪುರ ನಿಂತಿದ್ದ ಕಡೆ ತುಕ್ಕಿನ ಗುರುತು ಮಾತ್ರ ಉಳಿಯಿತು. ಆಳುಗಳು ಮನೆಯಲ್ಲಿ ಕೂತರು. ಕೆಲವರ ಹೆಂಡಂದಿರು ನಲ್ಲಿಯ ಹತ್ತಿರ ಹುರಿಯಕ್ಕನಿಗೆ ಕೇಳಿಸುವಂತೆಯೇ, "ತಾನು ಕೆಟ್ಟಿದ್ದಲ್ದೆ ಊರನ್ನೂ ಕೆಡಿಸಿದ್ಲು" ಎಂದರು. ಅವಳು ಕೊಡ ತುಂಬಿಸಿಕೊಂಡು ಬಂದಳು. ಮನೆಗೆ ಬಂದು ಕೊಡ ಇಳಿಸಿ ಅತ್ತಳು.

"ಆ ಬಂದರಿನಲ್ಲಿ ಯಾರನ್ನ ಕೂರಿಸ್ತಾರೋ" ಎಂದ ಕಡ್ಡಿ, ಮಾಡು ನೋಡುತ್ತ. "ಅವನಿಗೆ ಏನೂ ಗೊತ್ತಿರಲ್ಲ. ನಗ್ತಾ ಹತ್ತುತ್ತಾನೆ. ನಾನೂ ನಗ್ತಾನೇ ಹತ್ತಿದ್ದೆ."

ಅವಳು ಕಣ್ಣೊರೆಸಿಕೊಂಡು ಮೇಸ್ತ್ರಿಯ ಮನೆಗೆ ನಡೆದಳು.

ಆ ಬಂದರಿಗೆ ಹೊರಟವರು ಅವಳು, ಮೇಸ್ತ್ರಿ, ಇನ್ನು ನಾಲ್ಕೈದು ಆಳುಗಳು. ಬೈಯುತ್ತಿದ್ದ ಹೆಂಗಸರಲ್ಲಿ ಒಬ್ಬಳು ದಾರಿಗೆಂದು ಬುತ್ತಿ ಕಟ್ಟಿಕೊಟ್ಟಳು, ಬೈಯುವುದನ್ನು ಮಾತ್ರ ನಿಲ್ಲಿಸಲಿಲ್ಲ. ಕಡ್ಡಿಯನ್ನು ನೋಡಿಕೊಳ್ಳಲು ಅತ್ತೆಯ ಜೊತೆ ಪಕ್ಕದ ಮನೆಯವರು ನಿಂತರು. ಬಸ್ಸು ಸಿಕ್ಕಷ್ಟು ದೂರ ಬಸ್ಸು, ಉಳಿದದ್ದು ನಡಿಗೆ.

ಅದೂ ಇಂಥದೇ ಜೆಟ್ಟಿ. ಅದೇ ಟಾರಿನ ವಾಸನೆ. ಗೋಪುರಗಳು ಆಗಲೇ ನಿಂತಿದ್ದವು. ಕೆಲಸ ಕೇಳಿಕೊಂಡು ಬಂದವರೆಂದು ಗೇಟಿನವನು ಒಳಗೆ ಬಿಟ್ಟ. ಕುರ್ಚಿಯಲ್ಲಿ ಒಬ್ಬ ಹುಡುಗುಮುಖದ ಸಣಕಲು ಗಂಡಸು ಕೂತು, ಬೆಲ್ಟು ಬಿಗಿದುಕೊಂಡು, ಕೆಳಗಿದ್ದವರ ತಮಾಷೆಗೆ ಹಲ್ಲು ಬಿಡುತ್ತಿದ್ದ. ಆ ಊರಿನ ಆಳುಗಳು ಹಗ್ಗಕ್ಕೆ ಕೈ ಹಾಕಿ ನಿಂತಿದ್ದರು.

ಹುರಿಯಕ್ಕ ನೇರ ಅವನ ಹತ್ತಿರ ಹೋದಳು.

"ಮೂಟೆ ಎಲ್ಲಿ?" ಎಂದು ಕೇಳಿದಳು.

"ಯಾವ ಮೂಟೆ?"

"ನಿನ್ನ ಬದಲು ಕೂರಬೇಕಾದ ಮೂಟೆ."

ಅವನು ಪಿಳಿಪಿಳಿ ಕಣ್ಣು ಬಿಟ್ಟ. "ಯಾರಮ್ಮ ನೀನು?"

"ಇದರಲ್ಲಿ ಕೂತಿದ್ದವಳು. ನನಗಿಂತ ಮುಂಚೆ ನನ್ನ ಗಂಡ ಕೂತಿದ್ದ. ಈಗ ಅವನ ಮಗ್ಗುಲು ಬದಲಿಸೋಕೆ ಇಬ್ಬರು ಬೇಕು."

ದೂರದಲ್ಲಿ ಗುತ್ತಿಗೆದಾರ ಅವಳನ್ನು ಗುರುತು ಹಿಡಿದ. "ಏಯ್! ಅವಳನ್ನ ಯಾರೋ ಒಳಗೆ ಬಿಟ್ಟಿದ್ದು? ಎಳೀರಿ! ಏನ್ ನೋಡ್ತಾ ನಿಂತಿದ್ದೀರಿ, ಎಳೀರಿ!"

ಆಳುಗಳು ಅವನ ಕಡೆ ನೋಡಿದರು. ಅವಳ ಕಡೆ ನೋಡಿದರು. ಕುರ್ಚಿಯಲ್ಲಿದ್ದವನ ಮುಖದ ನಗು ಇಳಿದುಹೋಗಿತ್ತು. ಅವನು ಎದುರಿನ ಜೆಟ್ಟಿಯ ಕಲ್ಲಿನ ಅಂಚನ್ನು ಮೊದಲ ಸಲ ನೋಡುತ್ತಿರುವವನಂತೆ ನೋಡಿದ. ಆಮೇಲೆ ತನ್ನ ಕೈಯಿಂದಲೇ ಬೆಲ್ಟು ಬಿಚ್ಚಿಕೊಂಡು ನೆಲಕ್ಕೆ ಕಾಲಿಟ್ಟ.

ಸಾಲಿನ ಮುಂದಿದ್ದ ಮುದುಕ ಹಗ್ಗವನ್ನು ಕೆಳಗೆ ಹಾಕಿದ. ಅವನ ಹಿಂದಿದ್ದವಳೂ ಹಾಕಿದಳು.