ಬಸವನಹುಳುವಿನ ರಟ್ಟು

ಗಂಡನ ಮನೆ ಬಿಟ್ಟು ಬಂದ ಮೇಲೆ ಪುಟ್ಟಿ ಇದ್ದದ್ದು ಅಣ್ಣನ ವರ್ಕ್‌ಶಾಪಿನ ಮೇಲಿನ ಕೋಣೆಯಲ್ಲಿ. ವಯಸ್ಸು ನಲವತ್ತು ದಾಟಿದ್ದರೂ ಮನೆಯವರಿಗೆಲ್ಲ ಅವಳಿನ್ನೂ ಪುಟ್ಟಿಯೇ. ಅಣ್ಣನದು ಚಪ್ಪಲಿಗೆ, ಸಾಬೂನಿಗೆ ರಟ್ಟಿನ ಡಬ್ಬಿ ಮಾಡಿಕೊಡುವ ಕೆಲಸ. ತಂದೆಯ ಕಾಲದಲ್ಲಿ ಪುಸ್ತಕ ಕಟ್ಟುತ್ತಿದ್ದಾಗಿನ ಕಬ್ಬಿಣದ ಪ್ರೆಸ್ಸೊಂದು ಮೂಲೆಯಲ್ಲಿ ತುಕ್ಕು ಹಿಡಿದು ಕೂತಿತ್ತು. ಪುಟ್ಟಿ ಅದಕ್ಕೆ ಎಣ್ಣೆ ಕುಡಿಸಿ, ಚಕ್ರ ತಿರುಗುವ ಹಾಗೆ ಮಾಡಿ, ಮೇಲಕ್ಕೆ ಹೊರಿಸಿಕೊಂಡಳು.

ಅವಳಿಗೆ ಹತ್ತಿದ್ದದ್ದು ಉಬ್ಬುಚಿತ್ರದ ಹುಚ್ಚು. ದೊಡ್ಡ ಪ್ರೆಸ್ಸುಗಳು ಲೋಹದ ಅಚ್ಚಿನಿಂದ ಎಬ್ಬಿಸುವ ಚಿತ್ರವನ್ನು ಕೈಯಲ್ಲೇ ಎಬ್ಬಿಸಬೇಕು. ರಟ್ಟನ್ನು ಕತ್ತರಿಸಿ, ಒಂದರ ಮೇಲೊಂದು ಅಂಟಿಸಿ ಅಚ್ಚು ಮಾಡಿದಳು. ಅದರ ಮೇಲೆ ಒದ್ದೆ ಕಾಗದ ಹಾಸಿ ಒತ್ತಿದಳು. ನೀರು ಹೆಚ್ಚಾದರೆ ಕಾಗದ ಹಿಟ್ಟಿನ ಮುದ್ದೆ. ಕಡಿಮೆಯಾದರೆ ಅಂಚಿನಲ್ಲಿ ಬಿರುಕು. ದಾರವನ್ನು ಸುರುಳಿ ಸುತ್ತಿ ಅಂಟಿಸಿ ಬಸವನಹುಳು ಮಾಡಿದಳು. ಅದರ ಚಿಪ್ಪು ಚೆನ್ನಾಗಿಯೇ ಏಳುತ್ತಿತ್ತು, ಆದರೆ ಕೊಂಬಿನ ಹತ್ತಿರ ಬಂದ ಕೂಡಲೇ ಕಾಗದ ಹರಿಯುತ್ತಿತ್ತು.

ವರ್ಕ್‌ಶಾಪಿನ ಹಿಂದಿನ ಮನೆಯಲ್ಲಿ ಅಡುಗೆ ಕೆಲಸ ಮುಗಿಸಿ ಮಧ್ಯಾಹ್ನ ಅತ್ತಿಗೆ ಮೇಲೆ ಬರುತ್ತಿದ್ದಳು. ಪುಟ್ಟಿ ಕಾಗದ ಹಿಡಿದರೆ ಚಕ್ರ ತಿರುಗಿಸುವುದು ಅವಳ ಪಾಲು. ಒಮ್ಮೆ ಹುಳುವಿನ ಜಾಗದಲ್ಲಿ ಬರೀ ಒಂದು ಗಡ್ಡೆ ಎದ್ದಿತ್ತು. ಅತ್ತಿಗೆ ಅದನ್ನು ಬೆಳಕಿಗೆ ಹಿಡಿದು, "ಇದು ನಿಮ್ಮಣ್ಣನ ಮೂಗಲ್ವಾ" ಎಂದಳು. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಆ ಕೋಣೆ ಬಿಟ್ಟರೆ ಮನೆಯಲ್ಲಿ ಬೇರೆಲ್ಲೂ ಅಣ್ಣನನ್ನು ಆಡಿಕೊಂಡು ನಗುವ ಧೈರ್ಯ ಇಬ್ಬರಿಗೂ ಇರಲಿಲ್ಲ.

ಕಾಗದ ಹರಿಯುವುದನ್ನು ನಿಲ್ಲಿಸಿದ್ದು ಅತ್ತಿಗೆಯೇ. ಕಾಗದದ ಮೇಲೆ ಪ್ರೆಸ್ಸಿನ ಗಟ್ಟಿ ಹಲಗೆ ನೇರವಾಗಿ ಬೀಳುವುದರಿಂದ ಹೀಗಾಗುತ್ತಿದೆ ಎಂದು ಅವಳಿಗೆ ಅನ್ನಿಸಿತು. ಕೆಳಗಿಳಿದು ಹೋಗಿ, ಒಗೆದು ಒಗೆದು ಗಂಟು ಕಟ್ಟಿದ್ದ ತನ್ನ ಹಳೆಯ ಉಣ್ಣೆ ಸ್ವೆಟರ್ ತಂದು, ಬೆನ್ನಿನ ಭಾಗ ಕತ್ತರಿಸಿ ನಡುವೆ ಇಟ್ಟಳು. ಚಕ್ರ ಬಿಗಿಸಿ, ಒಣಗಲು ಬಿಟ್ಟು, ಮರುದಿನ ತೆಗೆದರೆ ಹುಳು ಕೊಂಬಿನ ಸಮೇತ ಎದ್ದು ಕೂತಿತ್ತು. ಅತ್ತಿಗೆ ಕಣ್ಣು ಮುಚ್ಚಿ ಅದರ ಮೇಲೆ ಬೆರಳಾಡಿಸಿದಳು.

ಮಕ್ಕಳ ಪುಸ್ತಕಗಳ ಪ್ರಕಾಶಕಿಯೊಬ್ಬಳು ಡಬ್ಬಿಯ ಕೆಲಸಕ್ಕೆಂದು ಬಂದವಳು ಅದನ್ನು ನೋಡಿದಳು.

"ಇದು ಯಾರು ಮಾಡಿದ್ದು?"

"ನಾನೇ" ಎಂದಳು ಪುಟ್ಟಿ. ಅತ್ತಿಗೆ ಆಗ ಟೀ ತರುತ್ತಿದ್ದಳು.

ಬಸವನಹುಳುವಿನ ಕಥೆಯೊಂದಕ್ಕೆ ಅದೇ ಹೊದಿಕೆ ಬೇಕೆಂದು ಪ್ರಕಾಶಕಿ ಆರ್ಡರ್ ಕೊಟ್ಟು ಹೋದಳು. ನಾದಿನಿ ಅತ್ತಿಗೆ ಇಬ್ಬರೂ ಸೇರಿ ರಟ್ಟುಗಳನ್ನು ಒಂದೊಂದಾಗಿ ಒತ್ತಿದರು. ಪುಸ್ತಕ ಬಿಡುಗಡೆಗೆ ಹೊದಿಕೆ ಮಾಡಿದವರನ್ನೂ ಕರೆದಿದ್ದರು. ಪುಟ್ಟಿ ಹೊರಡುವ ತಯಾರಿಯಲ್ಲಿದ್ದಾಗ ಅಣ್ಣ ಬಾಗಿಲಲ್ಲಿ ಬಂದು ನಿಂತ.

"ನಿನ್ನ ಗಂಡನ ಕಡೆಯವ್ರೂ ಬರ್ತಾರಂತೆ. ಅಲ್ಲಿ ನಾಲ್ಕು ಜನ ನಾಲ್ಕು ಮಾತಾಡೋದು ಸುಮ್ನೆ ಯಾಕೆ? ನಿಮ್ಮತ್ತಿಗೇನ ಕರ್ಕೊಂಡು ಹೋಗ್ತೀನಿ. ಎಲ್ಲಾ ಒಂದೇ ಮನೆ ತಾನೇ."

ಪುಟ್ಟಿ ಹಾಕಿಕೊಂಡ ಚಪ್ಪಲಿಯನ್ನು ಕಳಚಿಟ್ಟಳು. ಅತ್ತಿಗೆ ಅವಳ ಮುಖ ನೋಡದೆ ಮೆಟ್ಟಿಲಿಳಿದಳು.

ಪತ್ರಿಕೆಯಲ್ಲಿ ಫೋಟೋ ಬಂತು. ಅತ್ತಿಗೆ ಪುಸ್ತಕವನ್ನು ಎದೆಗವಚಿಕೊಂಡು ನಿಂತಿದ್ದಳು. ಕೆಳಗೆ ಅವಳದೇ ಮಾತು: ಮನೆಕೆಲಸ ಮುಗಿಸಿ ಮಧ್ಯಾಹ್ನ ಒಬ್ಬಳೇ ಕೂತು ಪ್ರಯೋಗ ಮಾಡುತ್ತಿದ್ದೆ.

ಪುಟ್ಟಿ ಪತ್ರಿಕೆ ಹಿಡಿದುಕೊಂಡು ಕೆಳಗಿಳಿದಳು. ಅತ್ತಿಗೆ ಒಣಗಿದ ಬಟ್ಟೆ ಮಡಿಸುತ್ತಿದ್ದಳು.

"ಒಬ್ಬಳೇ ಅಂತ ಯಾಕೆ ಹೇಳಿದ್ರಿ?"

"ಅವ್ರು ಕೇಳಿದ್ರು. ಬಾಯಿಗೆ ಬಂತು."

"ನಾವಿಬ್ರು ಅನ್ನಬಹುದಿತ್ತಲ್ಲ."

ಅತ್ತಿಗೆ ಕೈಯಲ್ಲಿದ್ದ ಅಂಗಿಯನ್ನು ಪಕ್ಕಕ್ಕಿಟ್ಟಳು. "ಪ್ರಕಾಶಕಿ ಬಂದಾಗ ನೀನು ಅಂದ್ಯಾ? ಟೀ ತಟ್ಟೆ ಹಿಡ್ಕೊಂಡು ಬಾಗಿಲಲ್ಲೇ ನಿಂತಿದ್ದೆ ನಾನು. ಕೇಳಿಸ್ಕೊಂಡೆ. ಆ ಸ್ವೆಟರ್ ತರದೇ ಇದ್ದಿದ್ರೆ ನಿನ್ನ ಹುಳ ಇವತ್ತಿಗೂ ಹರೀತಾನೇ ಇರ್ತಿತ್ತು."

"ಅಚ್ಚು ಮಾಡಿದ್ದು ನಾನು. ವರ್ಷಗಟ್ಟಲೆ ಒದ್ದಾಡಿದ್ದು ನಾನು."

"ಇರಬಹುದು. ಈ ಮನೆಗೆ ಬಂದಾಗಿಂದ ಒಬ್ರಾದ್ರೂ ನನ್ನನ್ನ 'ಇದು ನೀವು ಮಾಡಿದ್ದಾ' ಅಂತ ಕೇಳಿಲ್ಲ ಪುಟ್ಟಿ. ಅವತ್ತು ಕೇಳಿದ್ರು. ಹೌದು ಅಂದೆ."

ಪುಟ್ಟಿ ಸಿಟ್ಟಿನಿಂದ ಪತ್ರಿಕೆಯನ್ನು ಮಡಿಸಿದ ಬಟ್ಟೆಯ ಮೇಲೆ ಎಸೆದು ಮೆಟ್ಟಿಲು ಹತ್ತಿದಳು. ಸಂಜೆ ಅಣ್ಣನ ಮುಂದೆ ವಿಷಯ ಎತ್ತಿದರೆ ಅವನು ತಟ್ಟೆಯಿಂದ ತಲೆ ಎತ್ತದೆ, "ಹೆಸರು ಯಾರದ್ದಾದ್ರೇನು, ಕೆಲಸ ಮನೆಗೇ ಬರ್ತಿದೆಯಲ್ಲ. ನೀನು ಮೇಲೆ ಕೂತು ಮಾಡ್ತಾ ಇರು" ಎಂದ.

ಅವಳು ಮಾಡಲಿಲ್ಲ. ಅದೇ ವಾರ ಊರಾಚೆಯ ದೊಡ್ಡ ಪ್ಯಾಕಿಂಗ್ ಕಾರ್ಖಾನೆಗೆ ಸೇರಿದಳು. ಹತ್ತಿರದಲ್ಲೇ ಒಂದು ಕೋಣೆ ಹಿಡಿದಳು. ಯಂತ್ರದ ಬಾಯಿಗೆ ಹಾಳೆ ಕೊಡುವುದು, ಆಚೆ ಬದಿಯಿಂದ ಡಬ್ಬಿ ತೆಗೆಯುವುದು. ಅದರಲ್ಲಿ ತಲೆ ಓಡಿಸುವಂಥದ್ದು ಏನೂ ಇರಲಿಲ್ಲ.

ಪ್ರಕಾಶಕಿ ಎರಡನೆಯ ಪುಸ್ತಕಕ್ಕೆ ಮೀನಿನ ಚಿತ್ರ ಕೇಳಿದ್ದಳು. ಒಂದು ಮಧ್ಯಾಹ್ನ ಊಟದ ವೇಳೆಗೆ ಅತ್ತಿಗೆ ಕಾರ್ಖಾನೆಯ ಗೇಟಿಗೆ ಬಂದಳು. ಎರಡು ಬಸ್ಸು ಬದಲಿಸಿ ಬಂದಿದ್ದಳು, ಮುಖ ಬಾಡಿತ್ತು. ಚೀಲದಿಂದ ರಟ್ಟು ತೆಗೆದು ತೋರಿಸಿದಳು. ಮೀನಿನ ಹೊಟ್ಟೆ ಎದ್ದಿತ್ತು, ಹುರುಪೆಗಳು ಮಾತ್ರ ಅಳಿಸಿಹೋದಂತೆ ಮಂಕಾಗಿದ್ದವು.

"ಎಷ್ಟು ಬಿಗಿಸಿದ್ರೂ ಏಳ್ತಿಲ್ಲ. ಏನಾಗಿದೆ ಅಂತ ನೀನೇ ನೋಡು."

ಒಂದೇ ನೋಟಕ್ಕೆ ಪುಟ್ಟಿಗೆ ತಿಳಿಯಿತು. ದಪ್ಪ ಉಣ್ಣೆ ಸಣ್ಣ ಗೆರೆಗಳ ಒಳಕ್ಕೆ ಇಳಿಯುತ್ತಿಲ್ಲ. ತೆಳು ಬಟ್ಟೆ ಇಡಬೇಕು. ಮಾತು ನಾಲಿಗೆಯ ತುದಿಗೇ ಬಂದಿತ್ತು.

"ನಂಗೊತ್ತಿಲ್ಲ ಅತ್ತಿಗೆ" ಎಂದಳು. "ನೀವು ಒಬ್ರೇ ಕಂಡುಹಿಡಿದಿದ್ದಲ್ವಾ."

ಅತ್ತಿಗೆ ರಟ್ಟನ್ನು ಚೀಲಕ್ಕೆ ಹಾಕಿಕೊಂಡಳು. ಬೈಯಲಿಲ್ಲ, ಅಳಲಿಲ್ಲ. ಬಸ್ ನಿಲ್ದಾಣದ ಕಡೆಗೆ ನಡೆದುಹೋದಳು. ಬಾಯಿಗೆ ಬಂದಂತೆ ಬೈದು ಹೋಗಿದ್ದರೆ ಒಳ್ಳೆಯದಿತ್ತು ಎಂದು ಪುಟ್ಟಿಗೆ ಆಮೇಲೆ ಬಹಳ ದಿನ ಅನ್ನಿಸಿತು.

ಪ್ರಕಾಶಕಿ ಕಾಯಲಿಲ್ಲ. ಲೋಹದ ಅಚ್ಚು ಮಾಡಿಸಿ ಮೀನನ್ನು ಯಂತ್ರಕ್ಕೇ ಕೊಟ್ಟಳು. ಬಸವನಹುಳುವಿನ ಮರುಮುದ್ರಣವೂ ಅಲ್ಲೇ ಆಯಿತು. ಕೈಯಲ್ಲಿ ಒತ್ತಿದ್ದಕ್ಕಿಂತ ಅದು ಚೊಕ್ಕವಾಗಿತ್ತು. ಅಣ್ಣ ಮತ್ತೆ ಚಪ್ಪಲಿ ಡಬ್ಬಿಗೆ ಕೈ ಹಾಕಿದ. ಪ್ರೆಸ್ಸನ್ನು ಗುಜರಿಯವನಿಗೆ ಕೊಟ್ಟು, ಮೇಲಿನ ಕೋಣೆಯನ್ನು ಬಾಡಿಗೆಗೆ ಬಿಟ್ಟ.

ಪುಟ್ಟಿ ಈಗಲೂ ಅಣ್ಣನ ಮನೆಗೆ ಆಗಾಗ ಹೋಗುತ್ತಾಳೆ. ಅತ್ತಿಗೆ ಬಡಿಸುತ್ತಾಳೆ, ಇನ್ನೂ ಸ್ವಲ್ಪ ಹಾಕ್ಲಾ ಎನ್ನುತ್ತಾಳೆ, ಮಂಡಿನೋವಿನ ಮಾತಾಡುತ್ತಾಳೆ. ಊಟ ಮುಗಿಸಿ ಅಣ್ಣ ವರ್ಕ್‌ಶಾಪಿಗೆ ಹೋದ ಮೇಲೆ ಮನೆಯಲ್ಲಿ ಅವರಿಬ್ಬರೇ ಉಳಿಯುತ್ತಾರೆ. ಆಗ ಪುಟ್ಟಿ ಬಸ್ಸಿಗೆ ಹೊತ್ತಾಯಿತೆಂದು ಎದ್ದುಬಿಡುತ್ತಾಳೆ. ಬಸ್ಸಿಗೆ ಇನ್ನೂ ಬೇಕಾದಷ್ಟು ಹೊತ್ತಿರುತ್ತದೆ. ಅತ್ತಿಗೆ ಅದನ್ನು ಹೇಳುವುದಿಲ್ಲ.