ಬಿಗಿಯಾದ ಕಾಲುಂಗುರ

ನಾನು ಒಂದು ಬೆಳ್ಳಿಯ ಕಾಲುಂಗುರ. ಬೆಟಗೇರಿಯ ಮೌನೇಶಪ್ಪ ಪತ್ತಾರರ ಕುಲುಮೆಯಲ್ಲಿ ನನ್ನ ಅವಳಿಯ ಜೊತೆ ಹುಟ್ಟಿದೆ. ಮದುವೆಯ ದಿನ ಅಡಿವೆಪ್ಪ ನಮ್ಮನ್ನು ನೀಲಗಂಗವ್ವನ ಕಾಲ್ಬೆರಳಿಗೆ ತೊಡಿಸಿದ. ಅಂದಿನಿಂದ ನನಗೆ ಜಗತ್ತೆಂದರೆ ಪಾದಗಳು, ಸೀರೆಯ ಅಂಚು, ನೆಲದ ಮೇಲೆ ತೇಲುವ ಬಿಸಿಲು. ಮುಖ ನೋಡಿ ಮನುಷ್ಯರನ್ನು ಅಳೆಯುವವರ ಬಗ್ಗೆ ನನಗೆ ಅಷ್ಟೇನೂ ಗೌರವವಿಲ್ಲ.

ನೀಲಗಂಗವ್ವ ಖಾನಾವಳಿಯಲ್ಲಿ ರೊಟ್ಟಿ ಬಡಿಯುತ್ತಿದ್ದಳು. ಅವಳ ಕೈಯ ತಾಳ ಕಾಲ್ಬೆರಳಿನವರೆಗೂ ಇಳಿದು ಬರುತ್ತಿತ್ತು. ನಾನು ಅದರಲ್ಲೇ ತೂಕಡಿಸುತ್ತಿದ್ದೆ. ಹತ್ತು ವರ್ಷ ಹೀಗೆ ಕನಸಿನಂತೆ ಕಳೆದವು.

ಆಮೇಲೊಂದು ಚಳಿಗಾಲ, ಮುಂಜಾನೆ ಅವಳು ನೆಲಕ್ಕಿಟ್ಟ ಮೊದಲ ಹೆಜ್ಜೆ ತಡವರಿಸಿತು. ಬೆರಳು ಬೆಚ್ಚಗಿತ್ತು, ನಾನು ಬಿಗಿಯಾಗಿದ್ದೆ. ಹೊತ್ತೇರಿದ ಮೇಲೆ ಎಲ್ಲ ಸಡಿಲ. ಚಳಿಗೆ ಹೀಗಾಗುತ್ತದೆ ಎಂದುಕೊಂಡಳು. ಬೇಸಿಗೆ ಬಂದರೂ ಹಾಗೇ ಇತ್ತು. ಊಟ ಸೇರದು, ಮಧ್ಯಾಹ್ನಕ್ಕೇ ಸುಸ್ತು, ರೊಟ್ಟಿಯ ತಾಳವೂ ತಪ್ಪತೊಡಗಿತು. ಅವಳು ತಪ್ಪೆಲ್ಲ ನನ್ನ ಮೇಲೆ ಹೊರಿಸಿದಳು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ!

"ಉಂಗುರ ಸಣ್ಣಾಗ್ಯಾವ ಕಾಕಾ, ಹಿಗ್ಗಿಸಿಕೊಡ್ರಿ," ಎಂದು ಪತ್ತಾರರ ಬಳಿ ಹೋದಳು. ಗಂಡನಿರುವಾಗ ಕಾಲುಂಗುರ ತೆಗೆಯಬಾರದೆಂದು ಅವರು ಕಾಲಲ್ಲಿದ್ದಂತೆಯೇ ಹಿಗ್ಗಿಸಿದರು. ಆರು ತಿಂಗಳಿಗೆ ಮತ್ತೊಮ್ಮೆ ಹಿಗ್ಗಿಸಿದರು. ಮೂರನೆಯ ಸಲ ಚಿಮಟ ಕೆಳಗಿಟ್ಟು ಎರಡೂ ಪಾದ ಮುಟ್ಟಿ ನೋಡಿದರು.

"ಬೆಳ್ಳಿ ಕುಗ್ಗಂಗಿಲ್ಲವ್ವಾ. ಎರಡೂ ಕಾಲು ಒಂದಽ ನಮೂನಿ ಬಾತಾವ, ಬಿಸಿ ಅದಾವ. ಮುಂಜಾನೆ ಎದ್ದಾಗ ಮುಷ್ಟಿ ಮಡಚಾಕ ಬರ್ತೈತೇನು?"

"ಹೊತ್ತೇರಿದ ಮ್ಯಾಲ ಬರ್ತೈತ್ರಿ," ಎಂದಳು ಮೆಲ್ಲಗೆ.

"ಹಂಗಾದ್ರ ನಾ ಹಿಗ್ಗಸಂಗಿಲ್ಲ. ಮೊದಲ ಡಾಕ್ಟರ್ ಕಡೆ ಹೋಗು."

ಡಾಕ್ಟರಮ್ಮ ರಕ್ತ ಪರೀಕ್ಷೆ ಮಾಡಿಸಿದರು. ಕೀಲುಗಳೊಳಗೆ ಬಹಳ ದಿನದಿಂದ ಸದ್ದಿಲ್ಲದೆ ಉರಿಯೂತ ನಡೆದಿತ್ತು. ಇನ್ನೂ ತಡಮಾಡಿದ್ದರೆ ಬೆರಳುಗಳು ಸೊಟ್ಟಗಾಗುತ್ತಿದ್ದವಂತೆ. ಗುಳಿಗೆ ಬರೆದುಕೊಟ್ಟು, ಉಂಗುರ ತೆಗೆಯಲೇಬೇಕು ಎಂದರು. ನೀಲಗಂಗವ್ವ ಅಳತೊಡಗಿದಳು. ಮನೆಗೆ ಬಂದ ಮೇಲೆ ಅಡಿವೆಪ್ಪ ಅವಳ ಕಾಲ ಬಳಿ ಕುಳಿತ. ಮದುವೆಯ ದಿನ ಬಿಟ್ಟರೆ ಅವನ ಮುಖವನ್ನು ನಾನು ಅಷ್ಟು ಹತ್ತಿರದಿಂದ ಕಂಡಿರಲಿಲ್ಲ.

"ನನಗೇನೂ ಆಗಂಗಿಲ್ಲ. ಹಾಕಿದವ ನಾನಽ, ತಗಿಯಾವನೂ ನಾನಽ," ಎಂದು ಸೋಪು ಹಚ್ಚಿ ನಮ್ಮನ್ನು ಬಿಡಿಸಿದ.

ಈಗ ನಾವಿಬ್ಬರೂ ದೇವರ ಜಗಲಿಯ ಮೇಲೆ, ಕುಂಕುಮದ ಬಟ್ಟಲ ಪಕ್ಕ, ಕಪ್ಪಾಗುತ್ತ ಮಲಗಿದ್ದೇವೆ. ಮೊದಮೊದಲು ಬಹಳ ನೊಂದೆ. ವರ್ಷ ಕಳೆಯಿತು. ಮೊನ್ನೆ ಬೆಳಕು ಹರಿಯುವ ಹೊತ್ತಿಗೆ ಪಕ್ಕದ ಮನೆಯಾಕೆ ಬಾಗಿಲಲ್ಲಿ ನಿಂತು, "ಕಾಲುಂಗುರ ಎಲ್ಲವ್ವಾ?" ಎಂದು ಕೊಂಕಾಗಿ ಕೇಳಿದಳು.

"ದೇವರ ಹತ್ರ ಇಟ್ಟೀನಿ," ಎಂದಳು ನೀಲಗಂಗವ್ವ. "ಕಾಲು ನನ್ನ ಹತ್ರ ಉಳದಾವ."

ನನ್ನ ನೋವೆಲ್ಲ ಅಲ್ಲಿಗೆ ಮುಗಿಯಿತು. ಅವಳು ರೊಟ್ಟಿ ಬಡಿಯಲು ಹೊರಟಳು. ಮುಂಜಾನೆಯ ಆ ಹೆಜ್ಜೆಗಳನ್ನು ನಾನು ಒಂದೊಂದಾಗಿ ಆಲಿಸಿದೆ. ಒಂದೂ ತಡವರಿಸಲಿಲ್ಲ.