ರಸ್ತೆಗೆ ಬೆನ್ನು ಹಾಕಿದ ಊರು

"ಹೊಡಿ, ನನ್ನ ತಲೆ ಮೇಲೇ ಹೊಡಿ!" ಕ್ಷೌರದ ಕುರ್ಚಿಯಲ್ಲಿ ಕೂತಿದ್ದ ಮುದುಕ ಕೂಗಿದ. ಹಿಂದಿನ ಗೋಡೆಗೆ ಹಾರೆ ಹಾಕುತ್ತಿದ್ದ ಮಗ ತಿರುಗಿ ನೋಡಲಿಲ್ಲ. ನೋಡಿದ್ದರೆ ಕೈ ನಿಂತುಬಿಡುತ್ತಿತ್ತು.

ಆ ಊರೇ ಹಾಗೆ. ದೋಣಿಗಳ ಕಾಲದಲ್ಲಿ ಕಟ್ಟಿದ್ದು. ಮನೆ, ಅಂಗಡಿ, ಅಂಚೆ ಕಚೇರಿ, ಎಲ್ಲದರ ಬಾಗಿಲೂ ಹೊಳೆಗೆ. ಸೇತುವೆಯಾಯಿತು, ಹಿತ್ತಿಲ ಕಡೆ ರಸ್ತೆ ಬಂತು, ದೋಣಿಗಳು ನಿಂತವು. ಊರು ಮಾತ್ರ ಮುನಿಸಿಕೊಂಡ ಅತ್ತೆಯ ಹಾಗೆ ರಸ್ತೆಗೆ ಬೆನ್ನು ಹಾಕಿಯೇ ಕೂತಿತ್ತು. ಬಸ್ಸಿಳಿದವರಿಗೆ ಕಾಣುವುದು ಬಚ್ಚಲ ಗೋಡೆ, ಒಣಹಾಕಿದ ಲಂಗ. ಅವರು ಮುಂದಿನ ಊರಿಗೆ ಹೋಗಿ ಕ್ಷೌರ ಮಾಡಿಸಿಕೊಳ್ಳುತ್ತಿದ್ದರು.

ಕಳೆದ ವಾರ ಈ ಕುರ್ಚಿಗೆ ಕೂತವರು ಇಬ್ಬರು, ಅವರಲ್ಲೊಬ್ಬ ಅಪ್ಪ. ಅಂಗಡಿ ಮುಚ್ಚಿ ಇಟ್ಟಿಗೆ ಗೂಡಿಗೆ ಕೂಲಿಗೆ ಹೋಗಬೇಕಾದೀತೆಂಬ ಭಯ ಮಗನನ್ನು ನಿಂತಲ್ಲಿ ನಿಲ್ಲಲು, ಕೂತಲ್ಲಿ ಕೂರಲು ಬಿಟ್ಟಿರಲಿಲ್ಲ.

"ರಸ್ತೆಗೆ ಬಾಗಿಲು ಇಟ್ಕೊ. ಕನ್ನಡಿ ಎಲ್ಲಿ ಹಾಕ್ತೀಯ?" ಎಂದ ಮುದುಕ.

ಆಳೆತ್ತರದ ಆ ಕನ್ನಡಿ ಈವರೆಗೆ ಇದ್ದದ್ದು ಒಡೆಯುತ್ತಿದ್ದ ಗೋಡೆಯಲ್ಲೇ. ಕೂತವರಿಗೆ ತಮ್ಮ ಮುಖದ ಹಿಂದೆ ಹೊಳೆ ಕಾಣುತ್ತಿತ್ತು. ಅದರೊಳಗೆ ದೋಣಿ ಕಂಡೊಡನೆ ಕತ್ತಿ ಮಸೆಯಲು ತೊಡಗುತ್ತಿದ್ದವನು ಮುದುಕ. ಈಗ ಅದಕ್ಕೆ ಉಳಿದದ್ದು ಒಂದೇ ಜಾಗ.

"ಹೊಳೆ ಬಾಗಿಲು ಮುಚ್ಚಿ ಅಲ್ಲಿಗೆ ಹಾಕ್ತೀನಪ್ಪ."

"ಮುಚ್ಚು. ನಿನ್ನನ್ನ ಸಾಕಿದ್ದು ಆ ಹೊಳೆ ಕಣೋ!"

"ನಿನ್ನ ಕಾಲಕ್ಕೆ ಗಿರಾಕಿ ಕೊಡ್ತು. ನನ್ನ ಕಾಲಕ್ಕೆ ಬರೀ ಸೊಳ್ಳೆ."

ಮುದುಕನಿಗೆ ನಗು ಬಂತು. ಸಿಟ್ಟಿಗೆ ಅದನ್ನು ನುಂಗಿಕೊಂಡ.

ಎರಡು ದಿನದಲ್ಲಿ ರಸ್ತೆ ಬಾಗಿಲು ತೆರೆಯಿತು, ಹೊಳೆ ಬಾಗಿಲು ಮುಚ್ಚಿ ಅಲ್ಲಿಗೆ ಕನ್ನಡಿ ಬಂತು, ಕುರ್ಚಿ ತಿರುಗಿತು. ಮೊದಲ ದಿನ ಬೆಳಗಿನಿಂದ ಬೋಣಿಗೂ ಯಾರಿಲ್ಲ. ಮಗ ಹತ್ತು ಸಲ ಹೊಸಿಲಿಗೆ ಹೋಗಿ ಬಂದ. ಕೈ ಸುಮ್ಮನಿರಲಾರದೆ, "ಬಾ ಅಪ್ಪ, ನೀನೇ ಕೂತ್ಕೊ," ಎಂದ. ಮುದುಕ ಬಂದು ಕೂತ. ಕನ್ನಡಿ ನೋಡಬಾರದೆಂದು ಹಟದಿಂದ ಕಣ್ಣು ಮುಚ್ಚಿಕೊಂಡ.

ಎಡಗೆನ್ನೆ ಮುಗಿದಿತ್ತು. ಬ್ರೇಕಿನ ಸದ್ದಿಗೆ ಮುದುಕ ಕಣ್ಣು ಬಿಟ್ಟ. ಕನ್ನಡಿಯಲ್ಲಿ ಬಸ್ಸು, ಧೂಳು. ಕೈಚೀಲ ಹಿಡಿದವನೊಬ್ಬ ಗದ್ದ ಸವರಿಕೊಳ್ಳುತ್ತ ಇತ್ತಲೇ ನೋಡುತ್ತಿದ್ದ.

ಮುದುಕ ಕೊರಳಿನ ಬಟ್ಟೆ ಕಿತ್ತು ಎದ್ದ.

"ಅಪ್ಪ, ಇನ್ನೂ ಅರ್ಧ..."

"ಗಿರಾಕಿ ಬಂದ ಕಣೋ. ಕತ್ತಿ ತೊಳಿ, ನೋಡ್ತಾ ನಿಂತ್ಯಲ್ಲ!"

ಮುದುಕ ಹೊಸ ಬಾಗಿಲಲ್ಲೇ ಹೊರಬಿದ್ದ. "ಬನ್ನಿ ಸ್ವಾಮಿ, ಕುರ್ಚಿ ಖಾಲಿ ಇದೆ," ಎಂದು ಬಂದವನಿಗೆ ದಾರಿ ಬಿಟ್ಟು, ಗೋಡೆ ಬಳಸಿ ಹೊಳೆಯ ಕಡೆ ನಡೆದ. ಮುಚ್ಚಿದ ಬಾಗಿಲಿನ ಮೆಟ್ಟಿಲ ಮೇಲೆ ಕೂತ. ಒಳಗೆ ಕತ್ತಿ ಮಸೆಯುವ ಸದ್ದು ಶುರುವಾಯಿತು. ಅವನ ಬಲಗೆನ್ನೆಯ ನೊರೆ ಹೊಳೆಯ ಗಾಳಿಗೆ ಒಣಗುತ್ತಿತ್ತು.